ಚುಟ್ಟಿಯ ಚುಕ್ಕೆಗಳು ಕಾಣುವವರೆಗೆ

1980ರ ದಶಕದಲ್ಲಿ ಅಪ್ಪ ಕುಂಬಳೆ ಸುತ್ತಮುತ್ತ ಯಕ್ಷಗಾನ ಬಯಲಾಟಗಳಲ್ಲಿ ತೆಗೆದ ಕಪ್ಪುಬಿಳುಪು ನೆಗೆಟಿವ್‌ಗಳು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಅದರಲ್ಲೊಂದು ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ. ಸ್ಕ್ಯಾನ್ ಮಾಡಿ 12 x 8 ಇಂಚಿನ ಪ್ರಿಂಟ್ ಹಾಕಿಸಿದೆ. ನೋಡಿ ಬೇಸರವಾಯಿತು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದಾಗಿ ಇಟ್ಟ ಚುಟ್ಟಿ ಬಿಳಿ ಗೆರೆಯಾಗಿ ಕರಗಿಹೋಗಿತ್ತು.

“ನನ್ನ ಫೋಕಸ್ ಸರಿಯಿತ್ತು ಮಗಾ” ಎಂದರು ಅಪ್ಪ. ಭೂತಕನ್ನಡಿ ಹಿಡಿದು ನೆಗೆಟಿವ್ ನೋಡಿದೆ. ಹೌದು, ಚುಕ್ಕೆಗಳು ಬಿಡಿಬಿಡಿಯಾಗಿದ್ದವು. ತಪ್ಪು ನನ್ನ ಸ್ಕ್ಯಾನಿನದು.

ನನ್ನದು ಫ್ಲ್ಯಾಟ್‌ಬೆಡ್ ಸ್ಕ್ಯಾನರ್, ಫೋಕಸ್ ಬದಲಿಸುವಂತಿಲ್ಲ. ಫಿಲ್ಮ್ ಮುರುಟಿ ನಡುಭಾಗ ಮೇಲೆದ್ದಿದ್ದರೆ ಅಲ್ಲಿ ಮಸುಕೇ. ಗಾಜಿನ ಮೇಲೆ ನೇರ ಇಟ್ಟರೆ ಮಳೆನೀರಿನಲ್ಲಿ ಎಣ್ಣೆ ಬಿದ್ದಂತೆ ಬಳೆಬಳೆಯಾಗಿ ಗುರುತು ಮೂಡುತ್ತದೆ. ಹಾಗಾಗಿ ನೆಗೆಟಿವನ್ನು ಕವರಿನಲ್ಲಿಟ್ಟು ದಪ್ಪ ನಿಘಂಟಿನಡಿ ಒಂದು ವಾರ ಒತ್ತಿಟ್ಟೆ. ಆಮೇಲೆ ಫಿಲ್ಮ್ ಹಿಡಿದಿಡುವ ಹೋಲ್ಡರಿನ ನಾಲ್ಕು ಮೂಲೆಗೂ ಪೋಸ್ಟ್‌ಕಾರ್ಡಿನ ತುಂಡು ಕೊಟ್ಟು, ಒಂದೊಂದೇ ಏರಿಸುತ್ತ ಸ್ಕ್ಯಾನ್ ಮಾಡಿದೆ. ನೋಡಬೇಕಾದ್ದು ಚಿತ್ರವನ್ನಲ್ಲ, ಗ್ರೇನನ್ನು, ಅಂದರೆ ಫಿಲ್ಮಿನ ಸಣ್ಣ ಕಣಗಳನ್ನು. ಗ್ರೇನ್ ರವೆಯಂತೆ ಬಿಡಿಬಿಡಿಯಾಗಿ ಕಂಡರೆ ಎತ್ತರ ಸರಿ. ಹಿಟ್ಟಿನಂತೆ ಕಂಡರೆ ತಪ್ಪು. ನನಗೆ ಎರಡು ತುಂಡಿಗೆ ಹದ ಸಿಕ್ಕಿತು.

ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯವನ್ನು ಕಪ್ಪುಬಿಳುಪಿಗೆ ಬಂದ್ ಮಾಡಿ. ಬೆಳ್ಳಿಯ ಕಣಗಳನ್ನೇ ಅದು ಧೂಳೆಂದು ತಿಳಿದು ಚಿತ್ರ ಕೆಡಿಸುತ್ತದೆ. ನಾನು ಬ್ಲೋವರಿನಿಂದ ಊದಿ, ಉಳಿದದ್ದನ್ನು ಕೈಯಲ್ಲೇ ತಿದ್ದಿದೆ.

3200 ಡಿಪಿಐಯಲ್ಲಿ (ಇಂಚಿಗೆ 3200 ಚುಕ್ಕೆ) ಸ್ಕ್ಯಾನ್ ಮಾಡಿದರೆ 35 ಎಂಎಂ ಫ್ರೇಮಿಗೆ ಸುಮಾರು 4500 x 3000 ಪಿಕ್ಸೆಲ್ ಸಿಗುತ್ತದೆ. 12 x 8 ಪ್ರಿಂಟಿಗೆ 300 ಡಿಪಿಐಯಂತೆ 3600 x 2400 ಸಾಕು. ಮೊದಲ ಸಲ ನಾನು ಸ್ಕ್ಯಾನರಿನಲ್ಲೂ ಶಾರ್ಪ್ ಮಾಡಿ, ಕಂಪ್ಯೂಟರಿನಲ್ಲೂ ಶಾರ್ಪ್ ಮಾಡಿ ಆಮೇಲೆ ಅಳತೆ ಇಳಿಸಿದ್ದೆ. ಈ ಸಲ ಸ್ಕ್ಯಾನರಿನಲ್ಲಿ ಶಾರ್ಪನಿಂಗ್ ಪೂರ್ತಿ ಬಂದ್. 16 ಬಿಟ್ ಟಿಫ್ ತೆಗೆದು, 3600ಕ್ಕೆ ಇಳಿಸಿ, ಕಟ್ಟಕಡೆಗೆ ಒಂದೇ ಸಲ ಅನ್‌ಶಾರ್ಪ್ ಮಾಸ್ಕ್ (ಹೆಸರು ಹಾಗಿದ್ದರೂ ಶಾರ್ಪ್ ಮಾಡುವ ಸಾಧನ): ರೇಡಿಯಸ್ 1.2 ಪಿಕ್ಸೆಲ್, ಪ್ರಮಾಣ ಶೇ. 120. ಇನ್ನೂ ಏರಿಸಿದರೆ ಚುಟ್ಟಿಯ ಸುತ್ತ ಕಪ್ಪು ಅಂಚು ಬರುತ್ತದೆ. ಮ್ಯಾಟ್ ಕಾಗದ ಶಾಯಿ ಹೀರುವುದರಿಂದ ಸ್ಕ್ರೀನಿನಲ್ಲಿ ತುಸು ಗಡುಸು ಕಂಡರೂ ಪ್ರಿಂಟಿನಲ್ಲಿ ಸರಿಹೋಗುತ್ತದೆ. ಮುಖದ ಭಾಗವನ್ನಷ್ಟೇ ಕತ್ತರಿಸಿ ಚಿಕ್ಕ ಪ್ರಿಂಟ್ ಹಾಕಿಸಿ ನೋಡಿಯೇ ಇದನ್ನು ತೀರ್ಮಾನಿಸಿದೆ. “ಮಶೀನಿನ ಆಟೋ ಕರೆಕ್ಷನ್ ಬೇಡ ಅಣ್ಣಾ” ಎಂದು ಸ್ಟುಡಿಯೋದವರಿಗೆ ಹೇಳಿದ್ದೂ ಕೆಲಸಕ್ಕೆ ಬಂತು.

ಹೊಸ ಪ್ರಿಂಟನ್ನು ಅಪ್ಪ ಚಾವಡಿಯ ಬೆಳಕಿಗೆ ಹಿಡಿದರು. ಎಡಗೆನ್ನೆಯ ಮೇಲೆ ಒಂದು ಚುಟ್ಟಿ ಉದುರಿದ ಜಾಗ ಕಾಣುತ್ತಿತ್ತು. ಉಳಿದ ನೆಗೆಟಿವ್‌ಗಳನ್ನು ಮುಂದಿನ ಮಳೆಗಾಲದೊಳಗೆ ಸ್ಕ್ಯಾನ್ ಮಾಡಬೇಕು. ಸದ್ಯಕ್ಕೆ ಅವು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿವೆ.