ಸ್ಟ್ರೂಪ್ ಪ್ರಯೋಗ: ಯಾವ ಹಾಳೆ ಮೊದಲು ಕೊಡಬೇಕು?

ನಾನು ಬಿಎ ಮಕ್ಕಳಿಗೆ ಸೈಕಾಲಜಿ ಪ್ರಾಕ್ಟಿಕಲ್ಸ್ ಮಾಡಿಸುತ್ತೇನೆ. ಪ್ರತಿ ವರ್ಷ ಶುರು ಮಾಡುವುದು ಸ್ಟ್ರೂಪ್ ಪ್ರಯೋಗದಿಂದ. ಪದ ಹೇಳುವ ಬಣ್ಣವೇ ಬೇರೆ, ಅದರ ಶಾಯಿಯೇ ಬೇರೆ ಆದಾಗ ಶಾಯಿಯ ಬಣ್ಣ ಹೇಳಲು ಎಷ್ಟು ತಡವಾಗುತ್ತದೆ ಎಂದು ಇದರಲ್ಲಿ ನೋಡುತ್ತೇವೆ. ಎರಡು ಹಾಳೆ, ನಾಲ್ಕು ಸ್ಕೆಚ್ ಪೆನ್, ಮೊಬೈಲ್‌ನ ಸ್ಟಾಪ್‌ವಾಚ್ ಇದ್ದರೆ ಸಾಕು.

ಒಂದು ಹಾಳೆಯಲ್ಲಿ ಕೆಂಪು, ನೀಲಿ, ಹಸಿರು, ಕಂದು ಬಣ್ಣದ 40 ಚೌಕ ಬರೆಯಿರಿ. ಹಳದಿ ಬೇಡ, ಬಿಳಿ ಹಾಳೆಯ ಮೇಲೆ ಸರಿಯಾಗಿ ಕಾಣುವುದಿಲ್ಲ. ಇನ್ನೊಂದರಲ್ಲಿ 40 ಬಣ್ಣದ ಹೆಸರು, ಆದರೆ ‘ಕೆಂಪು’ ಅನ್ನುವ ಪದ ನೀಲಿಯಲ್ಲಿ, ‘ಹಸಿರು’ ಕಂದಿನಲ್ಲಿ, ಹೀಗೆ. ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು. 1935ರಲ್ಲಿ ಅಮೆರಿಕದ ಜೆ. ರಿಡ್ಲಿ ಸ್ಟ್ರೂಪ್ 100 ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಿದರು. 100 ಚೌಕಗಳಿಗೆ ಸರಾಸರಿ 63.3 ಸೆಕೆಂಡ್ ಹಿಡಿಯಿತು, 100 ಪದಗಳಿಗೆ 110.3.

ಒಂದು ಗುಂಪಿಗೆ ಚೌಕ, ಇನ್ನೊಂದಕ್ಕೆ ಪದ ಕೊಡಬಹುದಲ್ವಾ? ಕೊಡಬಹುದು. ಇದು ಸ್ವತಂತ್ರ ಗುಂಪುಗಳ ವಿನ್ಯಾಸ. ಆದರೆ ಚೀಟಿ ಎತ್ತಿಯೇ ಗುಂಪು ಮಾಡಿ, ಮುಂದಿನ ಬೆಂಚು ಹಿಂದಿನ ಬೆಂಚು ಅಂತ ಹಂಚಬೇಡಿ. ಇದರಲ್ಲಿ ಒಂದು ತೊಂದರೆ ಇದೆ. ಒಬ್ಬಳು ಪಟಪಟನೆ ಮಾತಾಡುತ್ತಾಳೆ, ಇನ್ನೊಬ್ಬ ನಿಧಾನ. ಹತ್ತು ಹನ್ನೆರಡು ಜನರ ಗುಂಪಿನಲ್ಲಿ ಈ ವ್ಯತ್ಯಾಸವೇ ಜಾಸ್ತಿ ಆಗಿ ಫಲಿತಾಂಶವನ್ನು ಎಳೆದಾಡುತ್ತದೆ.

ಅದಕ್ಕೇ ನಾನು ಒಬ್ಬರಿಗೇ ಎರಡೂ ಹಾಳೆ ಕೊಡುತ್ತೇನೆ. ಮೊದಲ ವರ್ಷ ಎಲ್ಲರಿಗೂ ಪದದ ಹಾಳೆಯನ್ನೇ ಮೊದಲು ಕೊಟ್ಟುಬಿಟ್ಟಿದ್ದೆ. ಚೌಕಗಳು ಬೇಗ ಮುಗಿದವು, ಖುಷಿಪಟ್ಟೆ. ಆಗ ಒಬ್ಬ ಹುಡುಗಿ, ‘ಮೇಡಂ, ಅಷ್ಟೊತ್ತಿಗೆ ನಮಗೆ ಅಭ್ಯಾಸ ಆಗಿತ್ತಲ್ವಾ?’ ಎಂದಳು. ನಿಜ. ಸಮಯ ಉಳಿದದ್ದು ಚೌಕದಿಂದಲೋ ಅಭ್ಯಾಸದಿಂದಲೋ ಹೇಳಲು ದಾರಿಯೇ ಇರಲಿಲ್ಲ. ಇಡೀ ತರಗತಿಯಿಂದ ಮತ್ತೆ ಮಾಡಿಸಿದೆ. ಈಗ ಅರ್ಧ ಜನಕ್ಕೆ ಚೌಕ ಮೊದಲು, ಅರ್ಧ ಜನಕ್ಕೆ ಪದ ಮೊದಲು. ಯಾರಿಗೆ ಯಾವುದು ಎಂದು ಚೀಟಿ ಹೇಳುತ್ತದೆ. ಶುರುವಿಗೆ ಒಂದು ಸಾಲು ಸುಮ್ನೆ ಅಭ್ಯಾಸಕ್ಕೆ.

ಹೀಗೆ ಒಬ್ಬರಿಂದಲೇ ಎರಡನ್ನೂ ಮಾಡಿಸುವುದು ಎಲ್ಲ ಪ್ರಯೋಗಕ್ಕೂ ನಡೆಯುವುದಿಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರ ಬೋಬೋ ಗೊಂಬೆ ಪ್ರಯೋಗ (1961) ನೋಡಿ. ದೊಡ್ಡವರು ಹೊಡೆಯುವುದನ್ನು ಕಂಡು ಮಕ್ಕಳೂ ಹಾಗೇ ಮಾಡುತ್ತಾರಾ ಎಂದು ನೋಡಿದ ಪ್ರಯೋಗ ಅದು. ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ಒಮ್ಮೆ ಕಂಡ ಮಗು ಮತ್ತೆ ‘ಕಾಣದ ಮಗು’ ಆಗಲಾರದು. ಅದಕ್ಕೇ 72 ಮಕ್ಕಳನ್ನು ಬೇರೆ ಬೇರೆ ಗುಂಪು ಮಾಡಿದರು. ಯಾರು ಮೊದಲೇ ಎಷ್ಟು ಜಗಳಗಂಟರು ಎಂದು ಅಂದಾಜು ಮಾಡಿ, ಸರಿಸಮರನ್ನು ಗುಂಪುಗಳಿಗೆ ಹಂಚಿದರು. ಇದು ಜೋಡಿ ಹೊಂದಿಸುವ ವಿನ್ಯಾಸ.

ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮದ ಮಕ್ಕಳನ್ನು ಹೋಲಿಸುವ ಆಸೆ ನನ್ನ ವಿದ್ಯಾರ್ಥಿಗಳಿಗೆ ಬಹಳ. ಖಂಡಿತ ಹೋಲಿಸಿ. ಆದರೆ ಮಾಧ್ಯಮವನ್ನು ನಾವು ಚೀಟಿ ಎತ್ತಿ ಕೊಟ್ಟಿಲ್ಲ. ಮನೆ, ಊರು, ದುಡ್ಡು ಎಲ್ಲವೂ ಅದರ ಜೊತೆ ಬಂದಿವೆ. ವ್ಯತ್ಯಾಸ ಕಂಡರೂ ಮಾಧ್ಯಮವೇ ಕಾರಣ ಎನ್ನುವಂತಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಅದನ್ನು ‘ಅರೆ-ಪ್ರಯೋಗ’ ಎಂದೇ ಬರೆಯಿರಿ.