ಕಣ್ಣ ಮುಂದೆ ಚುಕ್ಕೆ ತೇಲಿದರೆ: ಶುಗರ್ ಇರುವವರು ರೆಟಿನಾ ಪರೀಕ್ಷೆ ಮಾಡಿಸುವ ಬಗೆ

ಬಿಳಿ ಗೋಡೆಯನ್ನೋ ಬೆಳಗಿನ ಆಕಾಶವನ್ನೋ ನೋಡುವಾಗ ಕಣ್ಣ ಮುಂದೆ ಒಂದು ಎಳೆ, ಜೇಡರ ಬಲೆಯ ತುಣುಕು, ಸೊಳ್ಳೆಯಂಥ ಚುಕ್ಕೆ ತೇಲುವುದುಂಟು. ದಿಟ್ಟಿಸಿ ನೋಡಲು ಹೋದರೆ ಸರಕ್ಕನೆ ಆಚೆ ಜಾರುತ್ತದೆ. ಕಣ್ಣಿನ ಡಾಕ್ಟರು ಇದನ್ನು ಫ್ಲೋಟರ್ಸ್ ಎನ್ನುತ್ತಾರೆ. ಕಣ್ಣುಗುಡ್ಡೆಯೊಳಗೆ ಸುಮಾರು 4 ಎಂ.ಎಲ್. ಲೋಳೆಯಂಥ ವಿಟ್ರಿಯಸ್ ತುಂಬಿರುತ್ತದೆ. ವಯಸ್ಸಾಗುತ್ತ ಅದು ನೀರಾಗಿ, ಒಳಗಿನ ಎಳೆಗಳು ಗಂಟುಗಟ್ಟುತ್ತವೆ. ಆ ಗಂಟಿನ ನೆರಳು ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರವಾದ ರೆಟಿನಾ ಮೇಲೆ ಬೀಳುತ್ತದೆ. ಐವತ್ತು ದಾಟಿದವರಿಗೆ, ಹೆಚ್ಚು ಮೈನಸ್ ಪವರ್ ಇರುವವರಿಗೆ ಇದು ಮಾಮೂಲು. ತಿಂಗಳುಗಟ್ಟಲೆ ಹಾಗೇ ಇರುವ ಒಂದೆರಡು ಚುಕ್ಕೆಗೆ ಔಷಧಿ ಬೇಕಿಲ್ಲ.

ಶುಗರ್ ಇರುವವರ ಲೆಕ್ಕ ಬೇರೆ. ಅವರ ಕಣ್ಣಲ್ಲಿ ತೇಲುವುದು ಹಳೆಯ ಎಳೆಯಾಗಿರಬಹುದು, ರಕ್ತವೂ ಆಗಿರಬಹುದು. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ರೆಟಿನಾದ ಸಣ್ಣ ರಕ್ತನಾಳಗಳು ಸೋರುತ್ತವೆ, ಕೆಲವು ಮುಚ್ಚಿಹೋಗುತ್ತವೆ. ರಕ್ತ ಸಾಲದ ಜಾಗದಲ್ಲಿ ಹೊಸ ನಾಳಗಳು ಚಿಗುರುತ್ತವೆ. ಅವು ಬಲು ದುರ್ಬಲ, ಸ್ವಲ್ಪ ಎಳೆತಕ್ಕೂ ಒಡೆದು ವಿಟ್ರಿಯಸ್‌ಗೆ ರಕ್ತ ಸುರಿಸುತ್ತವೆ. ಆದರೆ ಕಾಯಿಲೆ ಅಷ್ಟು ಮುಂದುವರಿಯುವವರೆಗೆ ಸಾಮಾನ್ಯವಾಗಿ ಚುಕ್ಕೆಯೂ ಇರುವುದಿಲ್ಲ, ನೋವೂ ಇರುವುದಿಲ್ಲ, ಪೇಪರ್ ಓದಲೂ ತೊಂದರೆಯಿಲ್ಲ. ಹಾಗಾಗಿ ಚುಕ್ಕೆ ಬರಲಿ ಎಂದು ಕಾಯುವವರು ತಡವಾಗಿಯೇ ಬಂದಿರುತ್ತಾರೆ.

ಹೊಸ ಚುಕ್ಕೆ ಕಂಡ ದಿನ

ಮೊದಲು ಯಾವ ಕಣ್ಣು ಎಂದು ಗೊತ್ತುಮಾಡಿಕೊಳ್ಳಿ. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದರ ಕೊರತೆಯನ್ನು ಮುಚ್ಚಿಬಿಡುತ್ತದೆ. ಕನ್ನಡಕ ಹಾಕಿಕೊಂಡೇ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ. ಗುಡ್ಡೆಯ ಮೇಲೆ ಒತ್ತಬೇಡಿ, ಒತ್ತಿದರೆ ತೆಗೆದ ಮೇಲೂ ಸ್ವಲ್ಪ ಹೊತ್ತು ಮಂಜು. ಗೋಡೆಯ ದೊಡ್ಡ ಕ್ಯಾಲೆಂಡರಿನ ಮನೆಗಳನ್ನು ನೋಡಿ. ನಡುವಿನ ತಾರೀಖಿನಲ್ಲಿ ದೃಷ್ಟಿ ನಿಲ್ಲಿಸಿ, ಸುತ್ತಲಿನ ಗೆರೆ ನೆಟ್ಟಗಿವೆಯೇ, ಯಾವುದಾದರೂ ಮನೆ ಮಾಸಿದೆಯೇ ಗಮನಿಸಿ. ಗೆರೆ ಅಂಕುಡೊಂಕಾದರೆ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ನೀರು ಸೇರಿರಬಹುದು. ಇನ್ನೊಂದು ಕಣ್ಣಿಗೂ ಹೀಗೇ ಮಾಡಿ. ಚುಕ್ಕೆ ಇಲ್ಲದಿದ್ದರೂ ವಾರಕ್ಕೊಮ್ಮೆ ಹೀಗೆ ನೋಡುವುದು ಒಳ್ಳೆಯದು, ಆದರೆ ಇದು ಆಸ್ಪತ್ರೆಯ ಪರೀಕ್ಷೆಗೆ ಬದಲಿ ಅಲ್ಲ.

ಮುಂದಿನ ಯಾವುದಿದ್ದರೂ ಅದೇ ದಿನ ರೆಟಿನಾ ನೋಡುವ ಡಾಕ್ಟರ ಬಳಿ ಹೋಗಬೇಕು: ಮೆಣಸಿನ ಪುಡಿ ಚೆಲ್ಲಿದಂತೆ ಒಮ್ಮೆಗೇ ಹತ್ತಾರು ಚುಕ್ಕೆ, ಕಪ್ಪು ಅಥವಾ ಕೆಂಪು ದಾರ ಇಳಿದಂತೆ, ಹೊಗೆ ಸುತ್ತಿದಂತೆ ಕಾಣುವುದು, ಕತ್ತಲಲ್ಲೂ ಕಣ್ಣಂಚಿನಲ್ಲಿ ಮಿಂಚು, ಒಂದು ಬದಿಯಿಂದ ಪರದೆ ಎಳೆದಂತೆ ನೋಟ ಮುಚ್ಚುವುದು. ಪರದೆ ಎಂದರೆ ರೆಟಿನಾ ಕಳಚುತ್ತಿರಬಹುದು, ನಡುಭಾಗ ಕಳಚುವ ಮುನ್ನ ಆಪರೇಷನ್ ಆದರೆ ಫಲ ಚೆನ್ನ. ದಾರ, ಹೊಗೆ ರಕ್ತಸ್ರಾವದ ಗುರುತು. ಆಸ್ಪತ್ರೆ ಸೇರುವವರೆಗೆ ಭಾರ ಎತ್ತಬೇಡಿ, ಬಗ್ಗಿ ಕೆಲಸ ಮಾಡಬೇಡಿ, ಮಲಗುವುದಾದರೆ ಎರಡು ಮೂರು ದಿಂಬಿಟ್ಟು ತಲೆ ಎತ್ತರದಲ್ಲಿಡಿ. ರಕ್ತ ಕೆಳಕ್ಕೆ ಇಳಿದರೆ ಡಾಕ್ಟರಿಗೆ ಮೇಲಿನ ರೆಟಿನಾ ಕಾಣುತ್ತದೆ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್‌ನಂಥ ಮಾತ್ರೆಯನ್ನು ಹೆದರಿ ನೀವೇ ನಿಲ್ಲಿಸಬೇಡಿ. ಔಷಧಿ ಅಂಗಡಿಯಿಂದ ತಂದ ಡ್ರಾಪ್ಸ್ ಇಲ್ಲಿ ಕೆಲಸಕ್ಕೆ ಬಾರದು, ಅದು ಕಣ್ಣಿನ ಮುಂಭಾಗಕ್ಕೆ ಹಾಕುವಂಥದ್ದು.

ಯಾವಾಗ, ಎಷ್ಟು ಸಲ

ಟೈಪ್ 2 ಶುಗರ್ ಪತ್ತೆಯಾದ ಕೂಡಲೇ ಮೊದಲ ಪರೀಕ್ಷೆ, ಏಕೆಂದರೆ ಪತ್ತೆಯಾಗುವ ಹೊತ್ತಿಗೆ ಕೆಲವು ವರ್ಷದಿಂದ ಅದು ಮೈಯಲ್ಲಿ ಇದ್ದಿರಬಹುದು. ಟೈಪ್ 1 ಆದರೆ ಶುರುವಾದ 5 ವರ್ಷದೊಳಗೆ. ಆಮೇಲೆ ಎರಡಕ್ಕೂ ವರ್ಷಕ್ಕೊಮ್ಮೆ. ಮೊದಲೇ ಶುಗರ್ ಇದ್ದು ಗರ್ಭಿಣಿಯಾದವರು ಮೊದಲ ಮೂರು ತಿಂಗಳಲ್ಲಿ ತೋರಿಸಿಕೊಳ್ಳಬೇಕು, ಬಸಿರಿನಲ್ಲಿ ರೆಟಿನಾ ತೊಂದರೆ ವೇಗವಾಗಿ ಹೆಚ್ಚಬಹುದು. ಬಸಿರಿನಲ್ಲಿ ಮಾತ್ರ ಬರುವ ಶುಗರ್‌ಗೆ ಈ ಕಟ್ಟುಪಾಡಿಲ್ಲ. ಇನ್ನೊಂದು ಸಂದರ್ಭ ಹಲವರಿಗೆ ಗೊತ್ತಿಲ್ಲ: ತುಂಬಾ ದಿನದಿಂದ ಏರಿರುವ ಸಕ್ಕರೆಯನ್ನು ಇನ್ಸುಲಿನ್ ಹಾಕಿ ಬೇಗ ಇಳಿಸುವ ಮುನ್ನ ಕಣ್ಣು ನೋಡಿಸಿ. ಹಳೆಯ ರೆಟಿನಾ ಹಾನಿ ಇದ್ದರೆ ಮೊದಲ ಕೆಲ ತಿಂಗಳು ಅದು ಕೆಡುವುದುಂಟು. ಆ ನೆಪದಲ್ಲಿ ಇನ್ಸುಲಿನ್ ಬಿಡುವುದಲ್ಲ, ಕಣ್ಣಿನ ಮೇಲೆ ಕಣ್ಣಿಡುವುದು.

ಪರೀಕ್ಷೆಯ ದಿನ

ಕನ್ನಡಕದಂಗಡಿಯ ಕಂಪ್ಯೂಟರ್ ಪರೀಕ್ಷೆ ರೆಟಿನಾ ಪರೀಕ್ಷೆಯಲ್ಲ. ಅದು ಪವರ್ ಮಾತ್ರ ಅಳೆಯುತ್ತದೆ. ನಿಮಗೆ ಬೇಕಿರುವುದು ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ಒಳಗೆ ನೋಡುವುದು, ಇಲ್ಲವೇ ಕಣ್ಣಿನ ಹಿಂಭಾಗ ಸೆರೆಹಿಡಿಯುವ ಫಂಡಸ್ ಕ್ಯಾಮೆರಾದ ಫೋಟೊ. ಡ್ರಾಪ್ಸ್ ಹಾಕದೆ ತೆಗೆಯುವ ಕ್ಯಾಮೆರಾಗಳೂ ಇವೆ. ಆದರೆ ಕಣ್ಣಿನ ಪೊರೆ ಇದ್ದರೆ, ಪಾಪೆ ಚಿಕ್ಕದಿದ್ದರೆ ಫೋಟೊ ಮಸುಕು ಬರುತ್ತದೆ. ಶುಗರ್ ಇರುವವರ ಪಾಪೆ ಹಿಗ್ಗುವುದೂ ನಿಧಾನ. ಮಸುಕು ಫೋಟೊ ಎಂದರೆ 'ತೊಂದರೆ ಇಲ್ಲ' ಎಂದಲ್ಲ, ಡ್ರಾಪ್ಸ್ ಹಾಕಿ ಮತ್ತೆ ನೋಡಬೇಕು ಎಂದು.

ಉಪವಾಸ ಬೇಕಿಲ್ಲ. ತಿಂಡಿ ತಿಂದು, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡೇ ಹೋಗಿ. ಸರದಿ, ಡ್ರಾಪ್ಸ್, ಪರೀಕ್ಷೆ ಎಲ್ಲ ಸೇರಿ ಮೂರು ನಾಲ್ಕು ಗಂಟೆ ಹಿಡಿಯಬಹುದು. ಕಾಯುವಾಗ ಸಕ್ಕರೆ ಇಳಿಯದಿರಲು ಚೀಲದಲ್ಲಿ ಬಿಸ್ಕತ್ತು ಇರಲಿ. ಜೊತೆಗೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಇತ್ತೀಚಿನ ಎಚ್‌ಬಿಎ1ಸಿ, ಬಿಪಿ, ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟು, ಹಳೆಯ ಕಣ್ಣಿನ ಚೀಟಿ, ಕಪ್ಪು ಕನ್ನಡಕ, ಮತ್ತು ಗಾಡಿ ಓಡಿಸಬಲ್ಲ ಒಬ್ಬರು. ಡ್ರಾಪ್ಸ್ ಕೆಲವು ನಿಮಿಷಕ್ಕೊಮ್ಮೆ ಎರಡು ಮೂರು ಸಲ ಬೀಳುತ್ತದೆ; ಉರಿಯುತ್ತದೆ, 20-30 ನಿಮಿಷ ಕಣ್ಣು ಮುಚ್ಚಿ ಕೂರಿಸುತ್ತಾರೆ. ಮೊದಲೇ ಬಿಪಿ, ಹೃದಯದ ತೊಂದರೆ, ಗ್ಲಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದರೆ ಡ್ರಾಪ್ಸ್ ಹಾಕುವವರಿಗೆ ಹೇಳಿ. ಡಾಕ್ಟರು ತಲೆಗೆ ದೀಪ ಕಟ್ಟಿ, ಕೈಯಲ್ಲಿ ಮಸೂರ ಹಿಡಿದು, ಮೇಲೆ ನೋಡಿ, ಬಲಕ್ಕೆ ನೋಡಿ, ಕೆಳಗೆ ನೋಡಿ ಎನ್ನುತ್ತಾರೆ. ಬೆಳಕು ತಡೆಯದೆ ಕಣ್ಣು ಮುಚ್ಚಿಕೊಂಡರೆ ಅಂಚಿನ ಭಾಗ ನೋಡಲಾಗದು.

ಡ್ರಾಪ್ಸ್ ಹಾಕಿದ ಮೇಲಿನ ಮಂಜು 4-6 ಗಂಟೆ, ಕೆಲವರಿಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಬೈಕು, ಕಾರು ಬೇಡ. ಇನ್ಸುಲಿನ್ ಡೋಸ್ ಅಳೆಯುವ ಗೆರೆ ಕಾಣದಿರಬಹುದು, ಆ ರಾತ್ರಿ ಬೇರೆಯವರಿಂದ ನೋಡಿಸಿ. ಕಣ್ಣು ಕೆಂಪಾಗಿ ಜೋರು ನೋವು, ವಾಂತಿ ಬಂದರೆ ಕಣ್ಣಿನ ಒತ್ತಡ ಏರಿರಬಹುದು, ತಕ್ಷಣ ವಾಪಸ್ ಹೋಗಿ.

ಚೀಟಿ ಓದುವುದು

ಎನ್‌ಪಿಡಿಆರ್ ಎಂದಿದ್ದರೆ ಶುಗರ್‌ನಿಂದ ರೆಟಿನಾಕ್ಕೆ ಹಾನಿಯಾಗಿದೆ, ಆದರೆ ಹೊಸ ನಾಳ ಇನ್ನೂ ಚಿಗುರಿಲ್ಲ. ಅದರಲ್ಲಿ ಮೈಲ್ಡ್‌ಗೆ ಸಾಮಾನ್ಯವಾಗಿ 6-12 ತಿಂಗಳು, ಮಾಡರೇಟ್‌ಗೆ 3-6 ತಿಂಗಳು, ಸಿವಿಯರ್‌ಗೆ 3 ತಿಂಗಳೊಳಗೆ ಮರುಪರೀಕ್ಷೆ. ಪಿಡಿಆರ್ ಎಂದರೆ ಚಿಗುರಿದೆ, ಲೇಸರ್ ಅಥವಾ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್‌ಗೆ ತಡ ಮಾಡುವಂತಿಲ್ಲ. ಡಿಎಂಇ ಎಂದರೆ ಮ್ಯಾಕ್ಯುಲಾದಲ್ಲಿ ಊತ. ಅದು ಯಾವ ಹಂತದಲ್ಲೂ ಬರಬಹುದು, ರೆಟಿನಾದ ಪದರಗಳನ್ನು ಬೆಳಕಿನಿಂದ ತೋರಿಸುವ ಓಸಿಟಿ ಸ್ಕ್ಯಾನ್‌ನಲ್ಲಿ ನಿಖರವಾಗಿ ಕಾಣುತ್ತದೆ. ರಕ್ತ ತುಂಬಿ ರೆಟಿನಾ ಕಾಣದಿದ್ದರೆ ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಮಾಡುತ್ತಾರೆ. ತೋಳಿಗೆ ಹಳದಿ ಬಣ್ಣದ ಔಷಧಿ ಚುಚ್ಚಿ ಫೋಟೊ ತೆಗೆದರೆ ಮರುದಿನದವರೆಗೆ ಮೂತ್ರ ಹಳದಿ, ಗಾಬರಿ ಬೇಡ. ಎರಡೂ ಕಣ್ಣಿಗೆ ಬೇರೆ ಬೇರೆ ಬರೆದಿದ್ದಾರೆಯೇ, ಮುಂದಿನ ತಾರೀಖು ಇದೆಯೇ ನೋಡಿಯೇ ಹೊರಡಿ.

'ಲೇಸರ್ ಆದ ಮೇಲೂ ದೃಷ್ಟಿ ಹೆಚ್ಚಲಿಲ್ಲ' ಎಂಬ ದೂರು ಎಲ್ಲೆಡೆ ಕೇಳುತ್ತದೆ. ರೆಟಿನಾದ ಅಂಚಿಗೆ ಹೊಡೆಯುವ ಲೇಸರ್ ಇರುವ ದೃಷ್ಟಿ ಉಳಿಸಲು. ಹೋದದ್ದನ್ನು ತರುವುದಿಲ್ಲ, ರಾತ್ರಿ ನೋಟ ಸ್ವಲ್ಪ ಕುಗ್ಗುವುದೂ ಉಂಟು. ಇಂಜೆಕ್ಷನ್‌ನದು ಬೇರೆ ಕತೆ: ಶುರುವಿನಲ್ಲಿ ತಿಂಗಳಿಗೊಂದರಂತೆ ಕೆಲವು ಬೇಕು. ಎರಡನೆಯದಕ್ಕೇ ಚೆನ್ನಾಗಿ ಕಂಡಿತೆಂದು ನಿಲ್ಲಿಸಿದವರಿಗೆ ಊತ ಮರಳಿ ಬರುತ್ತದೆ. ಕನ್ನಡಕವನ್ನು ಮಾತ್ರ ಸಕ್ಕರೆ ಏರುಪೇರಾಗಿರುವಾಗ ಬದಲಿಸಬೇಡಿ. ಸಕ್ಕರೆಯೊಂದಿಗೆ ಕಣ್ಣಿನ ಮಸೂರದ ಪವರ್ ಕೂಡ ಏರಿಳಿಯುತ್ತದೆ. ಕೆಲವು ವಾರ ಹತೋಟಿಯಲ್ಲಿದ್ದ ಮೇಲೆ ಪವರ್ ನೋಡಿಸಿದರೆ ದುಡ್ಡು ಉಳಿಯುತ್ತದೆ.