ಲಚ್ಚಿ ಹಾಕಿಕೊಟ್ಟ ಟೈಮ್‌ಟೇಬಲ್

ನಾನು ಭಾಗ್ಯನಗರದಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಊರು ಇದು. ನೇಕಾರರ ಊರು, ಕೂದಲು ವ್ಯಾಪಾರದ ಊರು. ನನಗೆ ಬರುವುದು ಬ್ಲೌಸು, ಲಂಗ, ಶಾಲೆ ಯೂನಿಫಾರ್ಮು. ಮದುವೆ ಸೀಸನ್ ಬಂದರೆ ಸೀರೆಗೆ ಫಾಲ್ಸು, ಕುಚ್ಚು. ಮಷಿನ್ ಮುಂದೆ ಕೂತರೆ ಬೆಳಗಿಂದ ಸಂಜೆವರೆಗೂ ಕೂತೇ ಇರಬೇಕು. ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಹತ್ತುತ್ತಿರಲಿಲ್ಲ. ಸೊಂಟದ ಮಾತು ಹೇಳುವುದೇ ಬೇಡ. ಡಾಕ್ಟರು "ದಿನಾ ನಡೀರಿ" ಅಂದರು. ಎಲ್ಲರಿಗೂ ಅದನ್ನೇ ಹೇಳುತ್ತಾರೆ, ಅಲ್ವಾ?

ನಮ್ಮಂಥ ಮನೆಯಲ್ಲಿ ನಡಿಗೆಗೆ ಅಂತಲೇ ಒಂದು ಹೊತ್ತು ತೆಗೆದಿಟ್ಟರೆ ಮೊದಲು ತಪ್ಪುವುದು ಅದೇ. ನಮ್ಮ ಮನೆಯವರು ಗಿಣಿಗೇರಿ ಕಡೆಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಮಗಳು ಒಂಬತ್ತನೇ ಕ್ಲಾಸು, ಜೊತೆಗೆ ಟ್ಯೂಷನ್ನು. ಅತ್ತೆಗೆ ಮೊಣಕಾಲು ನೋವು. ಅರ್ಜೆಂಟ್ ಆರ್ಡರ್ ಬಂತೆಂದರೆ ನನ್ನ ನಡಿಗೆ ಯಾರಿಗೆ ನೆನಪಿರುತ್ತದೆ? ಮುಂದೂಡಲಾಗದ ಕೆಲಸವೊಂದಕ್ಕೆ ಅದನ್ನು ಗಂಟು ಹಾಕಬೇಕು. ನಮ್ಮ ಮನೆಯಲ್ಲಿ ಆ ಕೆಲಸದ ಹೆಸರು ಲಚ್ಚಿ.

ಲಚ್ಚಿ ಪಕ್ಕದ ಓಣಿಯ ಮಗ್ಗದ ಮನೆಯಲ್ಲಿ ಹುಟ್ಟಿದ ಹೆಣ್ಣು ನಾಯಿ. ಉದ್ದ ಕಾಲು, ಸಣ್ಣ ಸೊಂಟ. "ಮುಧೋಳದ ರಕ್ತ ಐತಿ ನೋಡ್ರಿ" ಅನ್ನುವವರು ಇದ್ದಾರೆ. ನನಗೇನೂ ನಂಬಿಕೆ ಇಲ್ಲ. ಬೀದಿ ನಾಯಿಗಳಿಗೂ ಉದ್ದ ಕಾಲು ಇರುತ್ತವೆ. ಮನೆಗೆ ತಂದ ಮೇಲೆ ಮೊದಲು ಜಂತುಹುಳದ ಔಷಧಿ, ಆಮೇಲೆ ಒಂದೊಂದಾಗಿ ಲಸಿಕೆ. ರೇಬೀಸ್ ಲಸಿಕೆಯನ್ನು ಮೂರು ತಿಂಗಳು ತುಂಬಿದ ಮೇಲೆ ಹಾಕಿಸಿದೆವು. ವರ್ಷಕ್ಕೊಮ್ಮೆ ಮತ್ತೆ ಹಾಕಿಸಲೇಬೇಕು. ಆ ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟಿದ್ದೇನೆ, ಆಗ ಕಳೆಯುವುದಿಲ್ಲ. ಲಸಿಕೆ ಎಲ್ಲ ಮುಗಿಯುವವರೆಗೂ ಬೀದಿಗೆ ಇಳಿಸಲಿಲ್ಲ.

ಊಟದ ವಿಷಯದಲ್ಲಿ ಅತ್ತೆಯದೂ ನನ್ನದೂ ಸ್ವಲ್ಪ ಜಗ್ಗಾಟ ನಡೆಯಿತು. ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಹಾಕುವುದು ಸರಿ. ಮೇಲೊಂದು ಬೇಯಿಸಿದ ಮೊಟ್ಟೆಯೂ ಸರಿ. ಆದರೆ ನಮ್ಮ ಕಡೆ ರೊಟ್ಟಿ ಇದ್ದಲ್ಲಿ ಉಳ್ಳಾಗಡ್ಡಿ ಇದ್ದೇ ಇರುತ್ತದೆ. ಪಲ್ಯದಲ್ಲೂ ಅದೇ, ಚಟ್ನಿಯಲ್ಲೂ ಅದೇ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಅಷ್ಟೇ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಕೆಟ್ಟದ್ದು. ಅತ್ತೆ "ನಮ್ಮ ಹೊಲದ ನಾಯಿ ಎಲ್ಲಾ ತಿಂತಿದ್ದುವವ್ವ" ಅಂದರು. ನಾನು ವಾದ ಮಾಡಲಿಲ್ಲ. ಲಚ್ಚಿಯ ತಾಟು ತುಂಬುವ ಕೆಲಸವನ್ನೇ ಅವರಿಗೆ ಒಪ್ಪಿಸಿದೆ. ಈಗ ಮನೆಗೆ ಬಂದ ನೆಂಟರಿಗೆಲ್ಲ ಅವರೇ ಪಾಠ ಮಾಡುತ್ತಾರೆ.

ಬೆಳಿಗ್ಗೆ ಐದೂಕಾಲಕ್ಕೆ ಲಚ್ಚಿ ಬಾಗಿಲು ಕೆರೆಯುತ್ತಾಳೆ. ಅವತ್ತು ಭಾನುವಾರವೋ ಹಬ್ಬವೋ ಅವಳಿಗೆ ಗೊತ್ತಿಲ್ಲ. ಸುಮ್ನೆ ಎದ್ದು ಹೊರಡಬೇಕು. ಒಂದು ಸಮಸ್ಯೆ ಇತ್ತು. ನಾಯಿಯ ಜೊತೆ ನಡೆಯುವುದೆಂದರೆ ಕಂಬಕ್ಕೊಂದು ಸಲ ನಿಲ್ಲುವುದು. ಅದರಿಂದ ಮೈಗೆ ವ್ಯಾಯಾಮ ಆಗುವುದಿಲ್ಲ. ಹಾಗಾಗಿ ಹೊತ್ತನ್ನು ಎರಡು ಪಾಲು ಮಾಡಿದೆ. ಹೋಗುವಾಗ ದಾರಿ ಅವಳದು. ಎಲ್ಲಿ ಬೇಕಾದರೂ ಮೂಸಲಿ, ಎಷ್ಟು ಹೊತ್ತಾದರೂ ನಿಲ್ಲಲಿ. ಬರುವಾಗ ಹಗ್ಗ ಗಿಡ್ಡ ಮಾಡಿ ಬಿರುಸಾಗಿ ನಡೆಯುತ್ತೇನೆ, ಇಪ್ಪತ್ತು ನಿಮಿಷ. ಮಾತಾಡಬಹುದು, ಆದರೆ ಹಾಡಲಾಗಬಾರದು, ಅಷ್ಟು ವೇಗ. ಮೂಸಿ ಸಾಕಾದ ನಾಯಿ ಬರುವಾಗ ತಕರಾರು ಮಾಡುವುದಿಲ್ಲ.

ಬೀದಿ ನಾಯಿಗಳ ಕಾಟಕ್ಕೆ ನಾನು ಕಂಡುಕೊಂಡ ದಾರಿ ಓಡದೇ ಇರುವುದು. ನಿಂತು, ಲಚ್ಚಿಯನ್ನು ಹಿಂದೆ ಮಾಡಿ, ಕೋಲನ್ನು ನೆಲಕ್ಕೆ ಕುಟ್ಟುತ್ತೇನೆ. ಹೊಡೆಯುವುದಿಲ್ಲ. ಅವುಗಳ ಗಡಿ ಯಾವ ಮನೆಯಿಂದ ಯಾವ ಮನೆವರೆಗೆ ಅಂತ ಗೊತ್ತಾದ ಮೇಲೆ ಆ ಓಣಿಯನ್ನೇ ಬಿಟ್ಟು ಸುತ್ತಿ ಹೋಗುತ್ತೇವೆ. ಹಾಗಾಗಿ ನಡಿಗೆಯೂ ಜಾಸ್ತಿಯಾಯಿತು.

ಹಗಲಿಗೆ ಇನ್ನೊಂದು ಉಪಾಯ ಮಾಡಿದ್ದೇನೆ. ಬಾಬಿನ್ನಿನಲ್ಲಿ ದಾರ ಮುಗಿದಾಗಲೆಲ್ಲ ಎದ್ದು ನಿಲ್ಲುವುದು. ಹಿಮ್ಮಡಿ ಎತ್ತಿ ಇಳಿಸುವುದು, ಗೇಟಿನವರೆಗೆ ಹೋಗಿ ಬರುವುದು. ಮೊದಲು ಆರೆಂಟು ಬಾಬಿನ್ ಒಟ್ಟಿಗೆ ಸುತ್ತಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಈಗ ಒಂದೇ ಸುತ್ತುತ್ತೇನೆ. ಪಾದದ ಊತ ಇಳಿಯಲು ಬೆಳಗಿನ ನಡಿಗೆಗಿಂತ ಇದೇ ಹೆಚ್ಚು ಕೆಲಸ ಮಾಡಿತು ಅಂತ ನನ್ನ ಅನಿಸಿಕೆ.

ಕೊಪ್ಪಳದ ಬೇಸಿಗೆ ಗೊತ್ತಿದ್ದವರಿಗೆ ಬಿಸಿಲಿನ ಬಗ್ಗೆ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡ್ ಇಡಬೇಕು. ನಮಗೆ ತಡೆಯದಿದ್ದರೆ ನಾಯಿಯ ಪಾದಕ್ಕೂ ತಡೆಯುವುದಿಲ್ಲ. ಸಂಜೆ ಏಳಕ್ಕೂ ರಸ್ತೆ ಕಾದೇ ಇರುತ್ತದೆ. ಆ ಎರಡು ತಿಂಗಳು ಸಂಜೆ ತಿರುಗಾಟ ಬಂದ್. ಒದ್ದೆ ಗೋಣಿಚೀಲ, ಮಣ್ಣಿನ ಬೋಗುಣಿಯಲ್ಲಿ ನೀರು, ಮಾಳಿಗೆಯ ಮೇಲೆ ರಾತ್ರಿ ಗಾಳಿ, ಅಷ್ಟೇ.

ಇನ್ನು ನನಗೆ ತುಂಬ ಇಷ್ಟದ ವಿಷಯ, ಶಿಲ್ಪ ಮತ್ತು ಚಿತ್ರ ನೋಡಲು ಹೋಗುವುದು. ಮನೆಯವರಿಗೆ ವಾರದ ರಜೆ ಒಂದೊಂದು ಸಲ ಒಂದೊಂದು ದಿನ ಬರುತ್ತದೆ. ಅದು ಮಗಳ ರಜೆಗೆ ಹೊಂದಿದ ದಿನ ಮೈದುನನ ಓಮ್ನಿ ಕೇಳುತ್ತೇವೆ. ನಿಯಮ ಸರಳ. ಹತ್ತಿರದ ಊರು, ಒಂದೇ ಜಾಗ, ಹನ್ನೊಂದರ ಒಳಗೆ ವಾಪಸ್ಸು. ಬಿಸಿಲೇರಿದರೆ ಗಾಡಿಯಲ್ಲಿ ನಾಯಿಯನ್ನು ಕೂರಿಸಲಾಗದು. ಕಿಟಕಿ ಇಳಿಸಿದ್ದರೂ ನಿಂತ ಗಾಡಿ ಬೇಗ ಕಾಯುತ್ತದೆ. ಜನ ಹಂಪಿಗೆ ಹೋಗಿ ಒಂದೇ ದಿನ ಎಲ್ಲಾ ನೋಡಿ ಬರುತ್ತಾರೆ. ಮನೆಗೆ ಬಂದು ಏನು ನೋಡಿದಿರಿ ಅಂದರೆ "ಕಲ್ಲಿನ ರಥ" ಅನ್ನುತ್ತಾರೆ. ನಮಗೆ ಹಾಗೆ ಮಾಡುವ ಅವಕಾಶವೇ ಇಲ್ಲ, ಲಚ್ಚಿ ಬಿಡುವುದಿಲ್ಲ.

ಇಟಗಿಯ ಮಹಾದೇವ ದೇವಾಲಯಕ್ಕೆ ನಾವು ಪದೇ ಪದೇ ಹೋಗುತ್ತೇವೆ. ಕುಕನೂರಿನ ಹತ್ತಿರ ಇದೆ. 1112ರಲ್ಲಿ ಕಟ್ಟಿದ್ದು. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಅಲ್ಲಿನ ಶಾಸನ ಈ ಗುಡಿಯನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆದಿದೆ. ನಾಯಿಯನ್ನು ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಅದಕ್ಕೇ ಪಾಳಿ ಮಾಡಿಕೊಂಡಿದ್ದೇವೆ. ಮೊದಲು ನಾನು, ಮಗಳು, ಅತ್ತೆ ಒಳಗೆ. ಮನೆಯವರು ಲಚ್ಚಿಯ ಜೊತೆ ಹೊರಗೆ ಮರದ ನೆರಳಲ್ಲಿ. ಆಮೇಲೆ ಅವರ ಸರದಿ. ಮನೆಯಲ್ಲಿ ಯಾರು ಹೇಳಿದರೂ ಹತ್ತು ಹೆಜ್ಜೆ ನಡೆಯದ ಅತ್ತೆ ಅಲ್ಲಿ ಗುಡಿಯನ್ನು ಸುತ್ತುತ್ತಲೇ ಇರುತ್ತಾರೆ. ನಾನು ಏನೂ ಅನ್ನುವುದಿಲ್ಲ. ಅಂದರೆ ನಿಂತುಬಿಟ್ಟಾರು.

ನಾನು ನೋಡುವುದು ಕಂಬಗಳನ್ನು. ಮೆತ್ತನೆಯ ಬಳಪದ ಕಲ್ಲು. ಕಂಬವನ್ನು ತಿರುಗಿಸುತ್ತಾ ಉಳಿ ಹಿಡಿದು ಕಡೆದದ್ದು, ಮೇಲೆ ನುಣ್ಣಗೆ ಮಾಡಿದ್ದು. ಕೆಳಗೆ ಚೌಕ, ಅದರ ಮೇಲೆ ಗಂಟೆಯ ಆಕಾರ, ಆಮೇಲೆ ತೆಳು ಬಳೆಗಳು, ಮೇಲೆ ಅಗಲ ತಟ್ಟೆ. ನಾನು ಮಗಳಿಗೆ "ಕಂಬ ಬರೆಯಬೇಡ, ಕಂಬದ ಒಂದು ಬದಿಯ ಗೆರೆ ಮಾತ್ರ ಬರೆ" ಅನ್ನುತ್ತೇನೆ. ಆ ಗೆರೆ ಎಲ್ಲಿ ಉಬ್ಬುತ್ತದೆ, ಎಲ್ಲಿ ಸೊರಗುತ್ತದೆ, ಅಷ್ಟೇ ಸಾಕು. ಒಂದು ಸಲ ಹೋದರೆ ಒಂದೇ ಕಂಬ. ಫೋಟೋ ತೆಗೆದರೆ ಆಗುವುದಿಲ್ಲವೇ ಅಂತ ಮನೆಯವರು ಕೇಳುತ್ತಾರೆ. ಫೋಟೋ ತೆಗೆದರೆ ನೋಡಿದೆ ಅನ್ನಿಸುತ್ತದೆ. ಬರೆಯಲು ಕೂತಾಗ ಮಾತ್ರ ಮೂರು ಬಳೆ ಅಂದುಕೊಂಡದ್ದು ಐದು ಅಂತ ಗೊತ್ತಾಗುತ್ತದೆ.

ಆ ಗೆರೆ ನನ್ನ ಕೆಲಸಕ್ಕೂ ಬಂತು. ನಾನು ಬ್ಲೌಸಿನ ಬೆನ್ನಿಗೆ, ತೋಳಿಗೆ ಕಸೂತಿ ಹಾಕುತ್ತೇನೆ. ಗುಳೇದಗುಡ್ಡ ಖಣದ ಬ್ಲೌಸಿಗೆ ಅಷ್ಟು ಬೇಕಾಗುವುದಿಲ್ಲ, ಖಣದಲ್ಲೇ ಚಿತ್ತಾರ ಇರುತ್ತದೆ. ಇಳಕಲ್ ಸೀರೆಗೆ ಹೊಂದುವ ಸಾದಾ ಬ್ಲೌಸಿಗೆ ಮಾತ್ರ ಚೆಂದ. ಕಸೂತಿಯಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಹಿಂದಿನಿಂದ ಬಂದ ವಿನ್ಯಾಸಗಳು. ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ ಅದು. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ಥರ ಕಾಣಬೇಕು. ಗೆರೆ ನೇರ ಹೋಗಬಹುದು, ಅಡ್ಡ ಹೋಗಬಹುದು, ಓರೆ ಹೋಗಬಹುದು. ದುಂಡಗೆ ಮಾತ್ರ ಹೋಗುವುದಿಲ್ಲ. ಇಟಗಿಯ ಕಂಬವೋ ಬುಡದ ಚೌಕ ಬಿಟ್ಟರೆ ಪೂರ್ತಿ ದುಂಡು!

ಮಗಳ ಗಣಿತದ ಗ್ರಾಫ್ ಹಾಳೆ ತೆಗೆದುಕೊಂಡೆವು. ಅವಳ ಗೆರೆಯನ್ನು ಅದರ ಮೇಲೆ ಇಟ್ಟು ಮೆಟ್ಟಿಲು ಮೆಟ್ಟಿಲಾಗಿ ಒಡೆದೆವು. ಉಬ್ಬು ಇದ್ದಲ್ಲಿ ಎರಡು ಮನೆ ಹೊರಗೆ, ಸೊರಗಿದಲ್ಲಿ ಮೂರು ಮನೆ ಒಳಗೆ. ಒಂದು ಬದಿ ಮಾಡಿ ಕನ್ನಡಿಯಂತೆ ಇನ್ನೊಂದು ಬದಿ. ಬಳೆಗಳನ್ನು ಓರೆ ಹೊಲಿಗೆಯಲ್ಲಿ ತೋರಿಸಿದೆ. ಕಪ್ಪು ಬಟ್ಟೆ, ಕೆಂಪು ಮತ್ತು ಬಿಳಿ ದಾರ. ಮೊದಲನೆಯದನ್ನು ನನ್ನ ಬ್ಲೌಸಿಗೇ ಹಾಕಿಕೊಂಡೆ. ಈಗ ಗಿರಾಕಿಗಳು "ಆ ಕಂಬದ ಡಿಸೈನ್ ಹಾಕ್ರಿ ಅಕ್ಕಾ" ಅಂತ ಕೇಳಿಕೊಂಡು ಬರುತ್ತಾರೆ.

ಕಿನ್ನಾಳ ಇನ್ನೂ ಹತ್ತಿರ. ಅಲ್ಲಿಯ ಚಿತ್ರಗಾರರು ಮರದ ಗೊಂಬೆ, ದೇವರ ಮೂರ್ತಿ, ಪಲ್ಲಕ್ಕಿ, ತೊಟ್ಟಿಲು ಮಾಡುವವರು. ನಮ್ಮ ಅತ್ತೆಯ ತವರಿನಲ್ಲಿ ಅವರ ಕೈಯ ತೊಟ್ಟಿಲು ಈಗಲೂ ಇದೆ. ಕೆಲಸ ಮಾಡುವ ಮನೆಗೆ ಹೋಗುವ ಮೊದಲು ಫೋನ್ ಮಾಡಿ ಕೇಳುತ್ತೇವೆ. ಹೋದ ಮೇಲೆ ಚಿಕ್ಕದೊಂದು ಏನಾದರೂ ಕೊಳ್ಳುತ್ತೇವೆ. ಅವರ ಕೆಲಸದ ಹೊತ್ತನ್ನು ನಾವು ತಿನ್ನುತ್ತೇವಲ್ಲ.

ಅಲ್ಲಿ ಮಗಳಿಗೆ ಹಿಡಿಸಿದ್ದು ಬಣ್ಣಕ್ಕಿಂತ ಮೊದಲಿನ ಕೆಲಸ. ಹಗುರ ಮರವನ್ನು ತುಂಡು ತುಂಡಾಗಿ ಕೆತ್ತಿ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸುತ್ತಾರೆ. ಅದಕ್ಕೆ 'ಕಿಟ್ಟ' ಅಂತ ಹೆಸರು. ಬಿರುಕು, ಸಂದು ಎಲ್ಲವನ್ನೂ ಅದರಿಂದ ಮುಚ್ಚುತ್ತಾರೆ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಸರ, ಕಿರೀಟದಂಥ ಉಬ್ಬು ಆಭರಣ ಬಿಡಿಸುತ್ತಾರೆ. ಸಂದು ಕಾಣದಂತೆ ಜೋಡಿಸುವುದು ಎಷ್ಟು ಕಷ್ಟ ಅಂತ ಹೊಲಿಗೆಯವಳಿಗೆ ಬೇರೆ ಹೇಳಬೇಕೇ? ನಾನು ಅಲ್ಲಿ ಗೊಂಬೆಯ ಮುಖ ನೋಡುವುದಿಲ್ಲ, ತೋಳು ಮೈಗೆ ಕೂಡುವ ಜಾಗ ನೋಡುತ್ತೇನೆ. ಲಚ್ಚಿ ಹೊರಗೇ ಇರುತ್ತಾಳೆ. ಬಾಲ ಒಂದು ಸಲ ಬೀಸಿದರೆ ಒಣಗಲು ಇಟ್ಟ ಗೊಂಬೆಗಳ ಗತಿ?

ಗಂಗಾವತಿ ಕಡೆಯ ಹಿರೇಬೆಣಕಲ್ಲಿಗೆ ಲಚ್ಚಿಯನ್ನು ಕರೆದೊಯ್ಯುವುದಿಲ್ಲ. ಆ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ನಾಯಿ ಇದ್ದರೆ ಚಿರತೆಯನ್ನು ನಾವೇ ಕರೆದಂತೆ. ಅವತ್ತು ಅವಳೂ ಅತ್ತೆಯೂ ಮನೆಯಲ್ಲಿ. ನಾವು ಮೂವರು ಊರಿನವರೊಬ್ಬರನ್ನು ಜೊತೆ ಮಾಡಿಕೊಂಡು ಬೆಳಕಾದ ಮೇಲೆಯೇ ಹತ್ತುತ್ತೇವೆ. ಕಾಲಿಗೆ ಒಳ್ಳೆ ಪರೀಕ್ಷೆ. ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲಿನ ಗೋರಿಗಳ ಊರೇ ಇದೆ. ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಒಂದರಲ್ಲಿ ದುಂಡು ಕಂಡಿ ಬಿಟ್ಟಿದ್ದಾರೆ. ಜನ ಮೋರ್ಯರ ಮನೆ ಅನ್ನುತ್ತಾರೆ. ನಗಾರಿಯ ಆಕಾರದ ಒಂದು ಬಂಡೆಯೂ ಇದೆ, ಕಟ್ಟಿಗೆಯಿಂದ ಬಡಿದರೆ ದೂರದವರೆಗೆ ಕೇಳುತ್ತದೆಯಂತೆ. ನಾವು ಬಡಿಯಲಿಲ್ಲ. ಬಂಡೆಗಳ ಮೇಲೆ ಕೆಂಪು ಬಣ್ಣದ ಚಿತ್ರಗಳಿವೆ. ಜನ, ಕುದುರೆ, ಕುಣಿತ. ಮಗಳು ಅಲ್ಲಿ ಬರೆದ ಮನುಷ್ಯರಿಗೆ ಐದೇ ಗೆರೆ. ಕಸೂತಿಗೆ ಅವು ಕಂಬಕ್ಕಿಂತ ಸುಲಭ.

ಮಳೆಗಾಲದಲ್ಲಿ ಉಣ್ಣಿಯ ಕಾಟ. ಹೊಲ, ಹುಲ್ಲು ತಿರುಗಿ ಬಂದ ಮೇಲೆ ಕಿವಿಯ ಒಳಗೆ, ಬೆರಳ ಸಂದಿನಲ್ಲಿ, ಕೊರಳಪಟ್ಟಿಯ ಕೆಳಗೆ ಹುಡುಕಬೇಕು. ಆ ಕೆಲಸ ಮಗಳದು. ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯುತ್ತಾಳೆ, ಹಿಸುಕುವುದಿಲ್ಲ. ದೀಪಾವಳಿಯ ರಾತ್ರಿ ಲಚ್ಚಿ ನನ್ನ ಮಷಿನ್ ಕೆಳಗೆ ಮಲಗುತ್ತಾಳೆ. ಗವಿಮಠದ ಜಾತ್ರೆಯ ದಿನಗಳಲ್ಲಿ ಊರೆಲ್ಲ ಜನವೋ ಜನ, ಆಗ ಬೆಳಗಿನ ದಾರಿಯನ್ನು ಹೊಲದ ಕಡೆ ತಿರುಗಿಸುತ್ತೇವೆ.

ಈಗ ಬೀರುವಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ವಾರದ ಪಟ್ಟಿ ಬರೆದಿದ್ದೇವೆ. ಮನೆಯವರ ಶಿಫ್ಟು, ಮಗಳ ಟ್ಯೂಷನ್ನು, ಲಚ್ಚಿಯನ್ನು ಸಂಜೆ ತಿರುಗಾಡಿಸುವವರ ಹೆಸರು. ಅತ್ತೆಯ ಹೆಸರೂ ಇದೆ. ಮಂಚ ಹಿಡಿದು ಹತ್ತು ಸಲ ಕೂತು ಏಳುವುದು, ಲಚ್ಚಿ ಊಟ ಮಾಡುವಷ್ಟು ಹೊತ್ತಿನಲ್ಲಿ. ಮುಂದಿನ ರಜೆಗೆ ಕುಕನೂರಿನ ನವಲಿಂಗ ಗುಡಿ ಅಂತ ಮಗಳು ಬರೆದಿದ್ದಾಳೆ. ಅತ್ತೆ ಅದನ್ನು ಒರೆಸಿಸಿ ಹುಲಿಗಿ ಅಂತ ಬರೆಸಿದ್ದಾರೆ. ಹುಲಿಗೆಮ್ಮನ ಗುಡಿಯ ಜನಜಂಗುಳಿಯಲ್ಲಿ ನಾಯಿಯನ್ನು ಎಲ್ಲಿ ನಿಲ್ಲಿಸುವುದು ಅಂತ ಮನೆಯವರು ಕೇಳುತ್ತಿದ್ದಾರೆ.